ಬಾರ್ನಬಿ ಕಾರ್ಕ್ ಅವರ ನೆರೆಹೊರೆ

ನಮ್ಮ ವೆಂಡೆಲ್ ಮಾವ ತಮ್ಮ ಅರವತ್ತೆಂಟು ವರ್ಷದ ಬಾಳಿನಲ್ಲಿ ಸಭೆಯೊಂದರಲ್ಲಿ ಮೊದಲ ಸಲ ಕೈ ಎತ್ತಿದರು. ಅದೂ ಟಾಯ್ಲೆಟ್ ಎಲ್ಲಿದೆ ಎಂದು ಕೇಳುವುದಕ್ಕೆ. ಆದರೆ ಎತ್ತಿದ ಗಳಿಗೆ ಕೆಟ್ಟದ್ದಾಗಿತ್ತು. ನಮ್ಮೂರು ಕೆಲ್ಸೋಫೆರಿಯ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಆಗಷ್ಟೇ ಪಾದ್ರಿ ಬೀಚಮ್ ಅವರು, "ಪಾನನಿಷೇಧ ಹೋಗಿ ಈ ಡಿಸೆಂಬರ್ ಐದಕ್ಕೆ ತೊಂಬತ್ತು ವರ್ಷ. ಹಬ್ಬದ ಹೊಣೆ ಯಾರು ಹೊರ್ತೀರಪ್ಪ?" ಎಂದು ಕೇಳಿ ಮುಗಿಸಿದ್ದರು. ಎಲ್ಲರೂ ತಲೆ ತಗ್ಗಿಸಿದರು. ಮಾವನ ಕೈ ಒಂದೇ ಮೇಲಿತ್ತು. ಚಪ್ಪಾಳೆ ಬಿತ್ತು. ಮಾವ ಟಾಯ್ಲೆಟ್ಟಿಗೆ ಹೋದದ್ದು ಅಧ್ಯಕ್ಷರಾಗಿಯೇ.

ಮಾವನದು ಹುಲ್ಲು ಕತ್ತರಿಸುವ ಯಂತ್ರ ರಿಪೇರಿ ಮಾಡುವ ಅಂಗಡಿ. ಬಿಚ್ಚುವುದರಲ್ಲಿ ಅವರಷ್ಟು ಗಟ್ಟಿಗರು ಈ ಮನಾಂಗಹೀಲಾ ನದಿಯ ಎರಡು ದಂಡೆಯಲ್ಲೂ ಇಲ್ಲ. ಮರಳಿ ಜೋಡಿಸಿದ ಮೇಲೆ ಯಾವಾಗಲೂ ಎರಡು ಸ್ಕ್ರೂ ಮಿಗುತ್ತವೆ, ಅಷ್ಟೇ. ಅವರ ಮಾತೂ ಹಾಗೆಯೇ.

ಅವರು ಟಾಯ್ಲೆಟ್ಟಿನಿಂದ ಬಂದು ಅಧ್ಯಕ್ಷರ ಕುರ್ಚಿಯಲ್ಲಿ ಕೂತಾಗ ಎದುರಿಗೆ ಕೊರಾ ಹಾಥವೇ ಕೂತಿದ್ದರು. ಹಾಥವೇ ಮನೆತನದವರು ನಾಲ್ಕು ತಲೆಮಾರಿನಿಂದ ನೀರು, ಹಾಲು ಮತ್ತು ಪರರ ತಪ್ಪು, ಈ ಮೂರನ್ನು ಬಿಟ್ಟು ಬೇರೇನನ್ನೂ ಬಾಯಿಗೆ ಹಾಕಿಕೊಂಡವರಲ್ಲ. ಹಬ್ಬವನ್ನು ವಿರೋಧಿಸಲೆಂದೇ ಅವರು ಮೊದಲ ಸಾಲಿನಲ್ಲಿ ಜಾಗ ಹಿಡಿದಿದ್ದರು.

"ಸೈಲಸನ ಮೊಮ್ಮಗ ಹೆಂಡದ ಹಬ್ಬಕ್ಕೆ ಅಧ್ಯಕ್ಷ," ಎಂದರು ಕೊರಾ. "ಸರಿಯಾಗೇ ಇದೆ ಬಿಡಿ. ಆ ಮನೇಲಿ ಅನುಭವ ಇದೆ."

ಎಲ್ಲರೂ ನಕ್ಕರು. ತೊಂಬತ್ತು ವರ್ಷದಿಂದ ನಗುತ್ತ ಬಂದ ಮಾತು ಅದು.

ಆಗಿದ್ದು ಇಷ್ಟು. ಸಾವಿರದ ಒಂಬೈನೂರ ಇಪ್ಪತ್ತರ ಜನವರಿಯಲ್ಲಿ, ದೇಶಕ್ಕೆಲ್ಲ ಪಾನನಿಷೇಧ ಜಾರಿಯಾಗುವ ಹಿಂದಿನ ದಿನ, ಊರಿನವರು ವಿಸ್ಕಿಗೆ ಅಣಕು ಶವಸಂಸ್ಕಾರ ಮಾಡಿದರು. ಆ ಕಾಲದಲ್ಲಿ ಇಂಥದ್ದನ್ನು ಎಷ್ಟೋ ಊರುಗಳಲ್ಲಿ ಮಾಡಿದ್ದುಂಟು. ನಮ್ಮವರು ಸ್ವಲ್ಪ ಮನಸ್ಸಿಟ್ಟೇ ಮಾಡಿದರು. ನಿಜವಾದ ಶವಪೆಟ್ಟಿಗೆ ತಂದರು, ಒಳಗೆ ಹನ್ನೆರಡು ಬಾಟಲಿ ವಿಸ್ಕಿ ಮಲಗಿಸಿದರು, ಸತ್ತವರಿಗೆ 'ಬಾರ್ನಬಿ ಕಾರ್ಕ್' ಎಂದು ಹೆಸರಿಟ್ಟರು. ಆಗಿನ ಪಾದ್ರಿ ಪೆಲ್ ಅವರು ಕಣ್ಣೀರಿಟ್ಟು ಪ್ರಾರ್ಥನೆ ಹೇಳಿದರು. ಪಾನವಿರೋಧಿ ಸಂಘದ ಅಧ್ಯಕ್ಷೆ, ಅಂದರೆ ಕೊರಾ ಅವರ ಮುತ್ತಜ್ಜಿ ತಿಯೊಡೋಷಿಯಾ ಹಾಥವೇ, ಬಾಟಲಿಗಳ ಬಾಯಿಗೆ ತಮ್ಮ ಉಂಗುರದಿಂದ ಅರಗಿನ ಮುದ್ರೆ ಒತ್ತಿ, ಸ್ವಂತ ಖರ್ಚಿನಲ್ಲಿ ಗೋರಿಗೆ ಕಲ್ಲು ನಿಲ್ಲಿಸಿದ್ದಲ್ಲದೆ ಎಡಗಡೆಯ ಜಾಗವನ್ನು ತಮಗೆಂದೇ ಕಾದಿರಿಸಿದರು. "ಸತ್ತ ಮೇಲೂ ಇದು ಏಳದ ಹಾಗೆ ನಾನೇ ಪಕ್ಕದಲ್ಲಿದ್ದು ಕಾಯ್ತೀನಿ," ಎಂದರಂತೆ. ಮುಂದೆ ಸತ್ತಾಗ ಪಾದ್ರಿ ಪೆಲ್ ಬಲಗಡೆ ಮಲಗಿದರು. ಪೆಟ್ಟಿಗೆಯನ್ನು ಹೊಂಡಕ್ಕೆ ಇಳಿಸಿದವರು ಗೋರಿ ತೋಡುವ ಸೈಲಸ್, ನನ್ನ ಮುತ್ತಜ್ಜ.

ಹದಿಮೂರು ವರ್ಷ ಕಳೆದು ಕಾನೂನು ಬಿತ್ತು. ಊರು ವಾದ್ಯ ಬಾರಿಸುತ್ತ ಸ್ಮಶಾನಕ್ಕೆ ಬಂದು, "ತೆಗೀ ಸೈಲಸ್, ಬಾರ್ನಬಿನ ಎಬ್ಬಿಸು," ಎಂದಿತು. ಮುತ್ತಜ್ಜ ಗುದ್ದಲಿಯನ್ನು ನೆಲಕ್ಕೆ ಊರಿ, "ಪ್ರಾರ್ಥನೆ ಹೇಳಿ ಇಳಿಸಿದ್ದನ್ನ ನಾನು ಮೇಲೆ ಎತ್ತೋನಲ್ಲ," ಎಂದರು. ತಿಯೊಡೋಷಿಯಾ ಅಲ್ಲೇ ಇದ್ದರು. "ಯಾಕೆ ಎತ್ತಲ್ಲ ಅಂದ್ರೆ, ಒಳಗೆ ಏನೂ ಉಳಿದಿಲ್ಲ. ಎಲ್ಲಾ ಇವನ ಹೊಟ್ಟೇಲಿದೆ," ಎಂದರು. ಅಷ್ಟರಲ್ಲಿ ಪೇಟೆಗೆ ಹೊಸ ವಿಸ್ಕಿಯ ಲಾರಿ ಬಂತೆಂದು ಯಾರೋ ಕೂಗಿದರು. ಊರೆಲ್ಲ ಅತ್ತ ಓಡಿತು. ಗೋರಿ ಹಾಗೇ ಉಳಿಯಿತು. ಆ ಮಾತೂ ಉಳಿಯಿತು. ಮುತ್ತಜ್ಜನ ಕೆಲಸ ಹೋಯಿತು. ಸತ್ತಾಗ ಅವರಿಗೆ ಸಿಕ್ಕಿದ್ದು ಬೇಲಿಯ ಬದಿಯ ಮೂಲೆ.

ನೆಲಮಾಳಿಗೆಯಲ್ಲಿ ನಗು ನಿಂತಾಗ ಮಾವ ಎದ್ದು ನಿಂತಿದ್ದರು. ಅವರ ಕಿವಿ ಕೆಂಪಾಗಿತ್ತು.

"ಡಿಸೆಂಬರ್ ಐದಕ್ಕೆ ಆ ಪೆಟ್ಟಿಗೆ ತೆಗೀತೀನಿ! ಹನ್ನೆರಡೂ ಬಾಟ್ಲಿ ತುಂಬಿರತ್ತೆ. ಹಬ್ಬಕ್ಕೆ ಅದನ್ನೇ ಊರಿಗೆಲ್ಲ ಹಂಚ್ತೀನಿ!"

"ಖಾಲಿ ಇದ್ರೆ?" ಎಂದರು ಕೊರಾ.

"ಖಾಲಿ ಇದ್ರೆ... ಇದ್ರೆ..." ಮಾವನ ಎರಡು ಸ್ಕ್ರೂ ಇಲ್ಲಿ ಮಿಕ್ಕವು.

"ಖಾಲಿ ಇದ್ರೆ ನಿಮ್ಮಜ್ಜನ ಕಲ್ಲಿನ ಮೇಲೆ 'ಕಳ್ಳ' ಅಂತ ಕೆತ್ತಿಸ್ತೀನಿ. ಖರ್ಚು ನಂದೇ. ತುಂಬಿದ್ರೆ ಊರೆದುರಿಗೆ ನಿಮ್ಮಮ್ಮನ ಮುಂದೆ ನಿಂತು ತಪ್ಪಾಯ್ತು ಅಂತೀನಿ. ಒಪ್ಪಿಗೇನಾ?"

ಮಾವ ಒಪ್ಪಿದರು. ಒಪ್ಪುವಾಗಲೂ ಅವರು ಕೈ ಎತ್ತಿದರು.

ಮನೆಯಲ್ಲಿ ಓರ್ಫಾ ಅಜ್ಜಿ ಕಿಟಕಿಯ ಬಳಿ ಕೂತಿದ್ದಳು. ತೊಂಬತ್ತೇಳು ವರ್ಷ. ಸೈಲಸ್ ಮುತ್ತಜ್ಜನ ಒಬ್ಬಳೇ ಮಗಳು. ನನ್ನನ್ನು ಕಥೆ ಹೇಳಿ ಬೆಳೆಸಿದವಳು ಅವಳೇ. ಅವಳ ಕಥೆಗಳಲ್ಲಿ ಸತ್ತವರು ಸುಮ್ಮನೆ ಮಲಗಿರುತ್ತಿರಲಿಲ್ಲ. ಅವರಿಗೆ ಬಾಯಾರುತ್ತಿತ್ತು, ನೆಂಟರ ಸುದ್ದಿ ಬೇಕಾಗುತ್ತಿತ್ತು, ಪಕ್ಕದ ಗೋರಿಯವರ ಜೊತೆ ಮಾತು ಬಿಡುತ್ತಿದ್ದರು, ಮತ್ತೆ ಕೂಡುತ್ತಿದ್ದರು.

"ಏನೋ ಮಾಡ್ಕೊಂಡು ಬಂದೆ?" ಎಂದಳು ಮಗನ ಮುಖ ನೋಡಿ.

"ಅಧ್ಯಕ್ಷ ಆದೆ ಅಮ್ಮ."

"ಯಾರನ್ನ ಕೇಳಿ ಆದೆ?"

"ಟಾಯ್ಲೆಟ್ ಎಲ್ಲಿ ಅಂತ ಕೇಳಿ."

ಮಾವ ಪಂತದ ವಿಷಯವನ್ನು ಹಿಂದುಮುಂದಾಗಿ ಹೇಳಿ ಮುಗಿಸಿದರು. ಅಜ್ಜಿ ಕಿಟಕಿಯ ಕಡೆ ತಿರುಗಿದಳು. ಹೊರಗೆ ನದಿಯ ಮಂಜು ಬೀದಿಯನ್ನು ಒಂದೊಂದೇ ಮನೆಯಾಗಿ ನುಂಗುತ್ತ ಬರುತ್ತಿತ್ತು.

"ನಂಗಾಗ ಏಳು ವರ್ಷ," ಎಂದಳು ಕೊನೆಗೆ. "ಶಾಲೇಲಿ ಹುಡುಗೀರು ದಿನಾ ಬೆಳಿಗ್ಗೆ ನನ್ನ ಬಾಯಿ ಮೂಸಿ ನೋಡೋರು. ಅಪ್ಪನ ಪಾಲಲ್ಲಿ ನಂಗೂ ಸಿಕ್ಕಿರತ್ತೆ ಅಂತ. ನಾನು ಪುದೀನ ಅಗಿದುಕೊಂಡು ಹೋಗೋಕೆ ಶುರು ಮಾಡ್ದೆ. ಆಗ, ನೋಡ್ರೇ, ವಾಸನೆ ಮುಚ್ಚೋಕೆ ಪುದೀನ ತಿಂದಿದಾಳೆ ಅಂದ್ರು." ಅವಳು ಕಂಬಳಿಯನ್ನು ಮೊಣಕಾಲಿನ ಮೇಲೆ ಸರಿಮಾಡಿಕೊಂಡಳು. "ನಂಗೆ ವಿಸ್ಕಿ ಬೇಡ ಕಣೋ. ನಾನು ಕಣ್ಣು ಮುಚ್ಚೋದ್ರೊಳಗೆ ಹಾಥವೇ ಮನೆಯೋರ ಬಾಯಿಂದ ಒಂದು ಮಾತು ಬೇಕು. 'ನಿಮ್ಮಪ್ಪ ಕುಡೀಲಿಲ್ಲ.' ಅಷ್ಟೇ."

ಮರುದಿನ ಮಾವ ಜನನ ಮರಣದ ಕಚೇರಿಗೆ ಹೋದರು. ಜೊತೆಗೆ ನಾನಿದ್ದೆ. ಅಲ್ಲಿ ಸ್ಟಾನ್ ಡೊಬ್ರೊಸ್ಕಿ ಎಂಬ ಅಧಿಕಾರಿ. ಮೂವತ್ತು ವರ್ಷದಿಂದ ಸತ್ತವರ ಪಟ್ಟಿ ಬರೆದೂ ಬರೆದೂ ಅವರ ಮುಖದಲ್ಲಿ ನಗುವಿಗೆ ಕಾಲಂ ಉಳಿದಿರಲಿಲ್ಲ.

"ಗೋರಿ ಅಗೀಬೇಕಾ? ಸತ್ತೋರ ಹೆಸರು?"

"ಬಾರ್ನಬಿ ಕಾರ್ಕ್. ಆದ್ರೆ ಸ್ವಾಮಿ, ಅವ್ರು ಸತ್ತಿಲ್ಲ."

ಡೊಬ್ರೊಸ್ಕಿ ಪೆನ್ನು ಕೆಳಗಿಟ್ಟರು. "ಜೀವಂತ ಹೂತಿದ್ದಾರಾ?"

"ಅಯ್ಯೋ, ಹಂಗಲ್ಲ. ಅವ್ರು ಹುಟ್ಟೇ ಇಲ್ಲ."

"ಹುಟ್ಟದೇ ಇರೋರನ್ನ ಹೂತಿದ್ದಾರಾ?"

"ಅದು ವಿಸ್ಕಿ ಸ್ವಾಮಿ! ತಮಾಷೆಗೆ ಹೂತಿದ್ದು."

"ತಮಾಷೆಗೆ ಈ ಕಚೇರೀಲಿ ಬೇರೆ ಫಾರಂ ಇಲ್ಲ," ಎಂದು ಅವರು ಒಳಗೆ ಹೋದರು. ಬಾಗಿಲಿನಷ್ಟು ದೊಡ್ಡದೊಂದು ದಫ್ತರವನ್ನು ಎದೆಗೆ ಅವಚಿಕೊಂಡು ಬಂದು ಮೇಜಿನ ಮೇಲೆ ಬಿಡಿಸಿದರು. "ನೀವು ಇಲ್ಲ ಅಂತೀರಿ. ಇಲ್ಲಿ ಇದ್ದಾರೆ."

ಇದ್ದರು. ಆ ಕಾಲದ ಗುಮಾಸ್ತ ಅದ್ಯಾವ ಕುಶಾಲಿನಲ್ಲಿದ್ದನೋ, ಬಾರ್ನಬಿ ಕಾರ್ಕ್ ಅವರ ಮರಣವನ್ನು ದುಂಡಗಿನ ಅಕ್ಷರದಲ್ಲಿ ದಾಖಲಿಸಿದ್ದ. ವಯಸ್ಸು: ಬಹಳ. ಉದ್ಯೋಗ: ಸಮಾಧಾನ. ಮಕ್ಕಳು: ಊರ ತುಂಬ. ಮರಣದ ಕಾರಣ: ಸಂವಿಧಾನದ ಹದಿನೆಂಟನೆಯ ತಿದ್ದುಪಡಿ. ಪಾನನಿಷೇಧ ತಂದದ್ದು ಅದೇ.

"ಕಾರಣ ನೋಡಿ ಸ್ವಾಮಿ, ಕಾರಣ!" ಎಂದರು ಮಾವ.

"ನೋಡ್ದೆ. ಆ ವರ್ಷ ಏನೇನೋ ಕಾಯಿಲೆ ಇತ್ತು," ಎಂದರು ಡೊಬ್ರೊಸ್ಕಿ.

ನಾನು ಆ ಪುಟದ ಮೇಲೆ ಬೆರಳಿಟ್ಟೆ. ದಫ್ತರದ ಉಳಿದ ಹಾಳೆಗಳೆಲ್ಲ ಒಣಗಿ ಸಿಪ್ಪೆಯಂತಿದ್ದವು. ಇದೊಂದೇ ಹಾಳೆ ತಣ್ಣಗೆ, ಸ್ವಲ್ಪ ಒದ್ದೆಯಾಗಿತ್ತು, ಈಗಷ್ಟೇ ಯಾರೋ ಅದರ ಮೇಲೆ ಉಸಿರು ಬಿಟ್ಟ ಹಾಗೆ. ಬೆರಳು ಮೂಸಿದೆ. ಹಳೆಯ ಮರದ ಪೀಪಾಯಿಯ ವಾಸನೆ.

"ಗೋರಿ ತೆಗೆಯೋಕೆ ರಕ್ತಸಂಬಂಧಿ ಸಹಿ ಬೇಕು. ನೀವು ಸತ್ತೋರಿಗೆ ಏನಾಗ್ಬೇಕು?"

"ನಾನಾ? ಏನೂ ಆಗ್ಬೇಕಿಲ್ಲ."

"ಏನೂ ಆಗದೇ ಇರೋರು ಯಾರ್ದೋ ಗೋರಿ ಅಗದ್ರೆ ಅದಕ್ಕೆ ಬೇರೆ ಹೆಸರಿದೆ, ಬೇರೆ ಕಚೇರಿ ಇದೆ. ಮುಂದಿನವ್ರು ಬನ್ನಿ!"

"ಮೊಮ್ಮಗ! ಮೊಮ್ಮಗ ಅಂತ ಬರ್ಕೊಳ್ಳಿ!" ಎಂದು ಮಾವ ಕೂಗಿದರು. ಹೀಗೆ ನಮ್ಮ ಮಾವ ಹನ್ನೆರಡು ಬಾಟಲಿಗಳ ಏಕೈಕ ಬದುಕಿರುವ ವಾರಸುದಾರರಾದರು.

ಕಾನೂನಿನಂತೆ ಊರಿನ ವಾರಪತ್ರಿಕೆಯಲ್ಲಿ ಪ್ರಕಟಣೆ ಬಂತು: 'ಬಾರ್ನಬಿ ಕಾರ್ಕ್ ಅವರ ಗೋರಿಯನ್ನು ಮೊಮ್ಮಗ ವೆಂಡೆಲ್ ಅವರ ಕೋರಿಕೆಯಂತೆ ಡಿಸೆಂಬರ್ ಐದರಂದು ತೆರೆಯಲಾಗುವುದು.' ಅಂದು ನೆಲಮಾಳಿಗೆಯ ಸಭೆಯಲ್ಲಿದ್ದವರು ಹತ್ತು ಹನ್ನೆರಡು ಜನ. ಪತ್ರಿಕೆ ಓದುವವರು ಎರಡು ಸಾವಿರ.

ನಮ್ಮೂರಿನಲ್ಲಿ ಸಾವಿನ ಮನೆಗೆ ಬರಿಗೈಯಲ್ಲಿ ಯಾರೂ ಬರುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಮೊದಲ ಹಂದಿತೊಡೆಯ ಹ್ಯಾಮ್ ಬಂತು. ಒಂಬತ್ತಕ್ಕೆ ಚೀಸ್ ಸುರಿದು ಬೇಯಿಸಿದ ಆಲೂಗಡ್ಡೆಯ ಮೂರು ತಟ್ಟೆ. ಮಧ್ಯಾಹ್ನದ ಹೊತ್ತಿಗೆ ಅಡುಗೆಮನೆಯ ಕಟ್ಟೆಯ ಮೇಲೆ ನಾಲ್ಕು ಬಣ್ಣದ ಜೆಲ್ಲಿಗಳು ಒಟ್ಟಿಗೆ ನಡುಗುತ್ತಿದ್ದವು. ಅಂತ್ಯಸಂಸ್ಕಾರ ಮಾಡಿಸುವ ಟೀಗಾರ್ಡನ್ ಅವರು ಟೋಪಿ ಕೈಯಲ್ಲಿ ಹಿಡಿದು ಬಂದು, "ಮತ್ತೆ ಹೂಳೋವಾಗ ಅಜ್ಜನಿಗೆ ಹೊಸ ಸೂಟು ಹಾಕಿಸ್ತೀರಾ?" ಎಂದು ಮೆಲ್ಲಗೆ ಕೇಳಿದರು.

"ಅವ್ರಿಗೆ ಸೂಟು ಹಿಡಿಯಲ್ಲ ಟೀಗಾರ್ಡನ್, ಕತ್ತು ಉದ್ದ," ಎಂದರು ಮಾವ.

ಎದುರುಮನೆಯ ಹೆಂಗಸು ಮಾವನ ಕೈ ಹಿಡಿದುಕೊಂಡು ಬಿಕ್ಕಿದಳು. ಮಾವ ಬಾಯಿತುಂಬ ಹ್ಯಾಮ್ ಇಟ್ಟುಕೊಂಡೇ ನಿಜ ಹೇಳಲು ನೋಡಿದರು. "ತಾಯಿ, ನಾನು ಅವ್ರನ್ನ ಕಣ್ಣಲ್ಲೂ ನೋಡಿಲ್ಲ!"

"ಪಾಪ! ಅಜ್ಜನ ಮುಖಾನೂ ನೋಡೋ ಯೋಗ ಇರ್ಲಿಲ್ಲ!" ಎಂದು ಅವಳು ಇನ್ನೂ ಜೋರಾಗಿ ಅತ್ತಳು.

ಮೂರನೆಯ ದಿನದಿಂದ ವಿಷಯ ಸ್ವಲ್ಪ ಬೇರೆಯಾಯಿತು. ಮುದುಕರು ಬರತೊಡಗಿದರು. ಬಂದವರು ಬಾರ್ನಬಿ ಕಾರ್ಕ್ ಅವರನ್ನು ನೆನಪಿಸಿಕೊಳ್ಳತೊಡಗಿದರು. "ನಮ್ಮ ತಾತ ದಿನಾ ಸಂಜೆ ಇವರ ಜೊತೆಗೇ ಇರ್ತಿದ್ರಂತೆ," ಎಂದರು ಒಬ್ಬರು. "ಇವ್ರು ಹೋದ್ಮೇಲೆ ತಾತ ಮೊದಲಿನ ಹಾಗೆ ಹಾಡ್ಲೇ ಇಲ್ಲ." ಇನ್ನೊಬ್ಬರು, "ನಮ್ಮಜ್ಜಿ ಮಾತ್ರ ಇವ್ರನ್ನ ಮನೆ ಮೆಟ್ಲು ಹತ್ತಿಸ್ತಿರ್ಲಿಲ್ಲ," ಎಂದು ಕಣ್ಣೊರೆಸಿಕೊಂಡರು. ಒಬ್ಬೊಬ್ಬರೂ ಹೇಳುತ್ತಿದ್ದಂತೆ ಆ ಮನುಷ್ಯನಿಗೆ ಮೀಸೆ ಬಂತು, ಕೆಂಪು ಮೂಗು ಬಂತು, ಎಡಗಾಲು ಸ್ವಲ್ಪ ಕುಂಟಿತು. ಆ ಸಂಜೆ ಮಾವ ಕೂಡ ಮೂಗು ಒರೆಸಿಕೊಳ್ಳುವುದನ್ನು ಕಂಡೆ. ನಮ್ಮ ಮನೆಯ ಖಾಲಿ ಕುರ್ಚಿಯೊಂದರಲ್ಲಿ ಯಾರೂ ಕೂರುತ್ತಿರಲಿಲ್ಲ. ಯಾಕೆ ಎಂದು ಯಾರೂ ಕೇಳಲೂ ಇಲ್ಲ.

ಬಂದ ಸಂತಾಪದ ಕಾರ್ಡುಗಳಲ್ಲಿ ಒಂದಕ್ಕೆ ಅಂಚೆಚೀಟಿ ಇರಲಿಲ್ಲ. 'ನಿಮ್ಮ ದುಃಖದಲ್ಲಿ ನಾವೂ ಭಾಗಿ. ದಯವಿಟ್ಟು ಬೇಗ ಬನ್ನಿ. ಇಂತಿ, ಪಕ್ಕದವರು,' ಎಂದು ಬರೆದಿತ್ತು. ಮಾವ ಪಕ್ಕದ ಮನೆಗೆ ಹೋಗಿ ವಂದನೆ ಹೇಳಿದರು. ಪಕ್ಕದವರು ಕಕ್ಕಾಬಿಕ್ಕಿಯಾಗಿ, "ನಾವು ಕಾರ್ಡ್ ಕಳಿಸಿಲ್ಲವಲ್ಲ, ಜೆಲ್ಲಿ ಕಳಿಸಿದ್ವಿ, ಹಸಿರುದು," ಎಂದರು. ಮಾವ ಆ ಕಡೆಯ ಪಕ್ಕದವರಿಗೂ ವಂದನೆ ಹೇಳಿ ಬಂದರು. ಅವರೂ ಕಳಿಸಿರಲಿಲ್ಲ.

ಅಜ್ಜಿ ಕಾರ್ಡನ್ನು ಮೂಗಿನ ಬಳಿ ಹಿಡಿದಳು. "ಮಣ್ಣಿನ ವಾಸನೆ," ಎಂದಳು. "ಯಾವ ಪಕ್ಕದವ್ರು ಅಂತ ಸರಿಯಾಗಿ ವಿಚಾರಿಸಬೇಕಿತ್ತು ಕಣೋ."

ಡಿಸೆಂಬರ್ ಐದು. ಮಧ್ಯಾಹ್ನ ಮೂರಕ್ಕೇ ನದಿಯ ಮಂಜು ಸ್ಮಶಾನದ ಗುಡ್ಡ ಹತ್ತಿತ್ತು. ಹಬ್ಬವೆಂದು ಬಂದವರು ತೊಂಬತ್ತು ವರ್ಷ ಹಿಂದಿನ ಉಡುಪು ತೊಟ್ಟಿದ್ದರು. ತಲೆಗೆ ಗರಿ, ಕುತ್ತಿಗೆಗೆ ಮಣಿಸರ, ದುಂಡು ಟೋಪಿ. ಸಾವೆಂದು ಬಂದವರು ಕಪ್ಪು ತೊಟ್ಟಿದ್ದರು. ಮಂಜಿನಲ್ಲಿ ಈಗಿನವರು ಯಾರು, ಆಗಿನವರು ಯಾರು ಎಂದು ಗೊತ್ತಾಗುತ್ತಿರಲಿಲ್ಲ. ನಾನು ಎರಡು ಸಲ ಎಣಿಸಿದೆ. ನಿಂತಿದ್ದ ಕಾರುಗಳಲ್ಲಿ ಹಿಡಿಸುವುದಕ್ಕಿಂತ ಜನ ಸ್ವಲ್ಪ ಜಾಸ್ತಿಯೇ ಇದ್ದರು.

ತಿಯೊಡೋಷಿಯಾ, ಬಾರ್ನಬಿ, ಪಾದ್ರಿ ಪೆಲ್. ಆ ಮೂರು ಗೋರಿಗಳ ಮೇಲೆ ಮಾತ್ರ ಹುಲ್ಲು ಹಸಿರಾಗಿತ್ತು. ಮಾವ ಬಗ್ಗಿ ಮುಟ್ಟಿ ನೋಡಿದರು. ಜಗತ್ತಿನಲ್ಲಿ ಅವರಿಗೆ ಸರಿಯಾಗಿ ಗೊತ್ತಿರುವ ವಸ್ತು ಹುಲ್ಲೊಂದೇ. "ಈ ತಿಂಗಳಲ್ಲಿ ಇದು ಹಿಂಗಿರಬಾರ್ದು," ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

ಟೀಗಾರ್ಡನ್ ಅವರ ಆಳುಗಳು ಅಗೆದರು. ಪೆಟ್ಟಿಗೆ ಮೇಲೆ ಬಂತು. ಅಜ್ಜಿಯ ಗಾಲಿಕುರ್ಚಿಯನ್ನು ನಾನು ಅಂಚಿನವರೆಗೆ ತಳ್ಳಿದೆ. ಡೊಬ್ರೊಸ್ಕಿ ಕೈಯಲ್ಲಿ ಫಾರಂ ಹಿಡಿದು, "ತೆಗೀರಿ," ಎಂದರು.

ಮುಚ್ಚಳ ತೆರೆಯಿತು. ಹನ್ನೆರಡು ಬಾಟಲಿಗಳು ತಲೆದಿಂಬಿನ ಮೇಲೆ ಸಾಲಾಗಿ ಮಲಗಿದ್ದವು. ಪ್ರತಿಯೊಂದರ ಬಾಯಿಗೂ ಕೆಂಪು ಅರಗು, ಅರಗಿನ ಮೇಲೆ ತಿಯೊಡೋಷಿಯಾ ತಮ್ಮ ಉಂಗುರದಿಂದ ಒತ್ತಿದ ಮುದ್ರೆ. ಒಂದು ಮುದ್ರೆಯೂ ಬಿರುಕು ಬಿಟ್ಟಿರಲಿಲ್ಲ.

ಬಾಟಲಿಗಳು ಖಾಲಿ. ಕೊನೆಯ ಹನಿಯವರೆಗೆ ಖಾಲಿ. ತೊಳೆದು ಒರೆಸಿಟ್ಟ ಹಾಗೆ ಒಳಗೆಲ್ಲ ಒಣಗಿತ್ತು.

ಎಲ್ಲೋ ಒಂದು ಗರಿ ಟೋಪಿಯಿಂದ ಕಳಚಿ ಬಿದ್ದುದೂ ಕೇಳಿಸಿತು.

"ಖಾಲಿ!" ಎಂದರು ಕೊರಾ ಹಾಥವೇ. ಅವರು ಚೀಲದಿಂದ ಫೋನ್ ತೆಗೆದರು. "ಕಲ್ಲು ಕೆತ್ತೋನಿಗೆ ಈಗಲೇ ಹೇಳ್ತೀನಿ. ಬೆಳಕಿರೋವಾಗ್ಲೇ ಮುಗೀಲಿ."

"ಮುದ್ರೆ ನೋಡ್ರೀ ಕೊರಾ! ಮುದ್ರೆ ಹಂಗೇ ಇದೆ!" ಎಂದರು ಮಾವ.

"ಕಾರ್ಕಿಗೆ ಸೂಜಿ ಚುಚ್ಚಿ ಎಳ್ಕೊಂಡಿರ್ತಾನೆ."

"ಸೂಜೀಲಿ ಹನ್ನೆರಡು ಬಾಟ್ಲಿ ಎಳೆಯೋಕೆ ನಮ್ಮಜ್ಜ ಏನು ದನದ ಡಾಕ್ಟ್ರಾ? ಸ್ವಾಮಿ, ನೀವೇ ಹೇಳಿ!"

ಡೊಬ್ರೊಸ್ಕಿ ಒಂದೊಂದೇ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಪಂತ ಏನಿತ್ತು? ತುಂಬಿದ್ರೆ ತಪ್ಪೊಪ್ಪಿಗೆ, ಖಾಲಿ ಇದ್ರೆ ಕೆತ್ತನೆ. ಖಾಲಿ ಅಂದ್ರೆ ಖಾಲಿ."

ಮಾವನ ಮುಖ ಹ್ಯಾಮಿನ ಬಣ್ಣದಿಂದ ಹಸಿರು ಜೆಲ್ಲಿಯ ಬಣ್ಣಕ್ಕೆ ತಿರುಗಿತು. ಅವರು ಅಜ್ಜಿಯತ್ತ ನೋಡುವ ಧೈರ್ಯ ಮಾಡಲಿಲ್ಲ. ಆದರೆ ಅಜ್ಜಿ ಪೆಟ್ಟಿಗೆಯನ್ನು ನೋಡುತ್ತಿರಲಿಲ್ಲ. ಎಡಗಡೆಯ ಹಸಿರು ಹುಲ್ಲನ್ನು, ಆಮೇಲೆ ಬಲಗಡೆಯ ಹಸಿರು ಹುಲ್ಲನ್ನು ನೋಡುತ್ತಿದ್ದಳು.

"ಫೋನ್ ಇಡಮ್ಮ ಕೊರಾ," ಎಂದಳು. "ಯಾರು ಕುಡಿದ್ರು ಅಂತ ಕುಡಿದೋರನ್ನೇ ಕೇಳೋಣ. ವೆಂಡೆಲ್, ಆ ಗಾಜಿನ ಲೋಟ ತಾ."

ಊರಿಗೆ ಹಂಚಲೆಂದು ಮಾವ ತಂದ ಲೋಟಗಳಿದ್ದವು. ಹೊಸ ವಿಸ್ಕಿಗೆ ಬರವಿರಲಿಲ್ಲ. ಹಬ್ಬಕ್ಕೆ ಬಂದವರ ಕಾರಿನ ಸೀಟುಗಳ ಕೆಳಗೆ ಅದು ಇದ್ದೇ ಇರುತ್ತದೆ. ಅಜ್ಜಿಯ ಮಾತಿನಂತೆ ಡೊಬ್ರೊಸ್ಕಿ ತಮ್ಮ ಕೈಯಾರೆ ಮೂರು ಲೋಟ ತುಂಬಿಸಿದರು. ಒಂದನ್ನು ತಿಯೊಡೋಷಿಯಾರ ಕಲ್ಲಿನ ಮುಂದೆ, ಒಂದನ್ನು ಪಾದ್ರಿ ಪೆಲ್ ಅವರ ಮುಂದೆ, ಮೂರನೆಯದನ್ನು ಅಷ್ಟು ದೂರ ಬೇಲಿಯ ಬದಿಗೆ ನಡೆದುಹೋಗಿ ಸೈಲಸ್ ಮುತ್ತಜ್ಜನ ಪುಟ್ಟ ಕಲ್ಲಿನ ಮುಂದೆ ಇಟ್ಟು ಬಂದರು.

"ಈಗ ಎಲ್ರೂ ಕೈ ಕೈ ಹಿಡ್ಕೊಳ್ಳಿ. ಕಣ್ಣು ಮುಚ್ಚಿ. ಪಾದ್ರಿಗಳೇ, ಪ್ರಾರ್ಥನೆ ಹೇಳಿ. ಉದ್ದದ್ದು."

ಬೀಚಮ್ ಅವರಿಗೆ ಇದಕ್ಕಿಂತ ಪ್ರಿಯವಾದ ಮಾತನ್ನು ಆ ಊರಿನಲ್ಲಿ ಯಾರೂ ಆಡಿರಲಿಲ್ಲ. ಅವರು ಸೃಷ್ಟಿಯ ಮೊದಲ ದಿನದಿಂದ ಶುರು ಮಾಡಿದರು. ನನ್ನ ಬಲಗೈ ಅಜ್ಜಿಯ ಕೈಯಲ್ಲಿತ್ತು. ಎಡಗೈ ಯಾರ ಕೈಯಲ್ಲಿತ್ತೋ ತಿಳಿಯದು. ಬಹಳ ತಣ್ಣಗಿತ್ತು.

ಪ್ರಾರ್ಥನೆ ಜಲಪ್ರಳಯಕ್ಕೆ ಬಂದ ಹೊತ್ತಿಗೆ ಒಂದು ಸದ್ದು ಕೇಳಿಸಿತು. ಬಿಸಿ ಸೂಪನ್ನು ಮರ್ಯಾದೆಯಿಂದ ಹೀರುವ ಸದ್ದು. ಒಂದು ಸಲ. ಆಮೇಲೆ ಮರ್ಯಾದೆ ಇಲ್ಲದೆ ಇನ್ನೊಂದು ಸಲ. ಪಾದ್ರಿಗಳ ಸ್ವರ ಒಡೆಯಿತು. ನಿಲ್ಲಿಸಲು ಅವರಿಗೆ ಹೆದರಿಕೆ. ಮುಂದುವರಿಸಿದರು. ಯಾರೂ ಕಣ್ಣು ತೆರೆಯಲಿಲ್ಲ. ಆ ದಿನ ಕೆಲ್ಸೋಫೆರಿಯಲ್ಲಿದ್ದ ಭಕ್ತಿಯನ್ನು ನಾನು ಮತ್ತೆಂದೂ ಕಂಡಿಲ್ಲ.

"ಆಮೆನ್," ಎಂದರು ಬೀಚಮ್, ಉಳಿದ ಸುಮಾರು ನಾಲ್ಕು ಸಾವಿರ ವರ್ಷಗಳನ್ನು ಒಮ್ಮೆಲೇ ಹಾರಿಸಿ.

ಕಣ್ಣು ತೆರೆದೆವು. ನನ್ನ ಎಡಗಡೆ ಯಾರೂ ಇರಲಿಲ್ಲ.

ಪಾದ್ರಿ ಪೆಲ್ ಅವರ ಲೋಟ ಸರಿಯಾಗಿ ಅರ್ಧವಾಗಿತ್ತು. ಅವರ ವೃತ್ತಿಗೆ ತಕ್ಕ ಸಂಯಮ. ತಿಯೊಡೋಷಿಯಾರ ಲೋಟ ಬೋರಲಾಗಿ ಬಿದ್ದಿತ್ತು. ಬಿದ್ದಿತ್ತೆನ್ನುವುದು ತಪ್ಪು, ನೀಟಾಗಿ ಬೋರಲು ಇಟ್ಟಿತ್ತು.

"ನೋಡಿ!" ಎಂದು ಕೊರಾ ಕಿರುಚಿದರು. "ಬೋರಲು ಹಾಕಿದಾಳೆ! ಬೇಡ ಅಂದ್ಳು! ಸಂಘದ ಹೆಂಗಸರು ಹೆಂಡ ಬೇಡ ಅನ್ನೋಕೆ ಹಿಂಗೇ ಲೋಟ ಬೋರಲು ಹಾಕ್ತಿದ್ದಿದ್ದು! ನಮ್ಮ ಮುತ್ತಜ್ಜಿ ಕಣ್ರೀ!"

"ಹೌದಾ?" ಎಂದಳು ಅಜ್ಜಿ. "ಹಾಗಾದ್ರೆ ಒಳಗಿದ್ದದ್ದು ಎಲ್ಲಿಗೆ ಹೋಯ್ತಮ್ಮ? ನೆಲ ಮುಟ್ಟಿ ನೋಡು."

ಕೊರಾ ಮೊಣಕಾಲೂರಿ ಕುಳಿತರು. ಲೋಟದ ಸುತ್ತ ಹುಲ್ಲನ್ನು ಸವರಿದರು. ಲೋಟ ಎತ್ತಿ ಅದರ ಅಡಿಯ ಮಣ್ಣನ್ನು ಸವರಿದರು. ಬೆರಳು ಒಣಗಿಯೇ ಇತ್ತು. ಅವರು ಲೋಟವನ್ನು ಮೊದಲಿದ್ದಂತೆಯೇ ಇಟ್ಟು, ಅಕ್ಕಪಕ್ಕ ನೋಡಿ, ಕಲ್ಲಿನ ಹತ್ತಿರ ಬಾಯಿಟ್ಟು, ನೆಂಟರ ಮುಂದೆ ಮಗುವನ್ನು ಗದರುವ ಹಾಗೆ ಪಿಸುಗುಟ್ಟಿದರು. "ಮುತ್ತಜ್ಜಿ! ಏನಿದು!"

ಆಗ ಎಲ್ಲರೂ ನೋಡುತ್ತಿದ್ದಂತೆ ಆ ಲೋಟ ತಾನಾಗಿ ಒಂದು ಅಂಗುಲ ಸರಿಯಿತು. ಡೊಬ್ರೊಸ್ಕಿಯವರ ಕಾಲ ಬಳಿ ಇದ್ದ ಬಾಟಲಿಯ ಕಡೆಗೆ.

ಊರು ಮೂರು ಹೆಜ್ಜೆ ಹಿಂದೆ ಸರಿಯಿತು. ಡೊಬ್ರೊಸ್ಕಿ ಮಾತ್ರ ನಡೆದುಹೋಗಿ ಬೇಲಿಯ ಬದಿಯಿಂದ ಕೂಗಿ ಹೇಳಿದರು. "ಮೂರನೇ ಲೋಟ. ಸೈಲಸ್. ಅಂಚಿನವರೆಗೂ ತುಂಬಿದೆ. ಹನಿ ಕಮ್ಮಿ ಆಗಿಲ್ಲ. ಬರ್ಕೊಂಡೆ."

ಕೊರಾ ಹಾಥವೇ ಎದ್ದು ನಿಂತರು. ಮೊಣಕಾಲಿಗೆ ಅಂಟಿದ ಹುಲ್ಲು ಒರೆಸಿಕೊಳ್ಳಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಕೊನೆಗೆ ಅಜ್ಜಿಯ ಗಾಲಿಕುರ್ಚಿಯ ಮುಂದೆ ಬಂದು ನಿಂತರು.

"ಓರ್ಫಮ್ಮ," ಎಂದರು. ಆಮೇಲೆ ಊರಿಗೆ ಕೇಳಿಸುವಷ್ಟು ಗಟ್ಟಿಯಾಗಿ, "ನಿಮ್ಮಪ್ಪ ಕುಡೀಲಿಲ್ಲ. ನಮ್ಮ ಮನೆಯೋರು ಸುಳ್ಳು ಹೇಳಿದ್ರು. ತಪ್ಪಾಯ್ತು."

ಅಜ್ಜಿ ತಲೆ ಆಡಿಸಿದಳು.

"ಕತ್ತಲಾಗೋದ್ರೊಳಗೆ ಮುಚ್ಚಬೇಕು," ಎಂದರು ಡೊಬ್ರೊಸ್ಕಿ ಫಾರಂ ನೋಡುತ್ತ. "ಹೂತಾಗ ಏನಿತ್ತೋ ಅದೇ ಇರ್ಬೇಕು. ಹನ್ನೆರಡು ಬಾಟ್ಲಿ. ತುಂಬಿದ್ದು."

ಯಾರೂ ಚೌಕಾಸಿ ಮಾಡಲಿಲ್ಲ. ಕಾರುಗಳ ಬಾಗಿಲು ದಡದಡನೆ ತೆರೆದವು, ಬಾಟಲಿಗಳು ಬಂದವು. ಮಾವ ಒಂದೊಂದನ್ನೇ ಎಣಿಸಿ ಮಲಗಿಸಿದರು. ಎಣಿಕೆಯಲ್ಲಿ ಹದಿನಾಲ್ಕು ಬಂತು. ಮಾವನಾದ್ದರಿಂದ ಯಾರೂ ಆಕ್ಷೇಪಿಸಲಿಲ್ಲ. ಪೆಟ್ಟಿಗೆ ಇಳಿಯುವಾಗ ಕೊರಾ ಹೊಂಡದ ಅಂಚಿಗೆ ಬಂದು ಟೀಗಾರ್ಡನ್ ಅವರ ತೋಳು ಮುಟ್ಟಿದರು.

"ಸ್ವಲ್ಪ ಎಡಕ್ಕೆ," ಎಂದರು ಯಾರಿಗೂ ಕೇಳಿಸಬಾರದೆಂಬ ಸ್ವರದಲ್ಲಿ. "ಇನ್ನೂ ಸ್ವಲ್ಪ ಎಡಕ್ಕೆ. ವಯಸ್ಸಾದೋರು, ಕೈ ಎಟುಕಬೇಕಲ್ಲ."

ನಾನು ಅಜ್ಜಿಯನ್ನು ಬೇಲಿಯ ಬದಿಗೆ ತಳ್ಳಿಕೊಂಡು ಹೋದೆ. ಮಾವ ಮುಗ್ಗರಿಸುತ್ತ ಹಿಂದೆ ಬಂದರು. ಮುತ್ತಜ್ಜನ ಲೋಟ ಕಲ್ಲಿನ ಮುಂದೆ ತುಂಬಿಕೊಂಡೇ ಇತ್ತು. ಮಂಜಿನ ಒಂದು ಎಳೆ ಅದರ ಮೇಲೆ ನಿಂತಿತ್ತು. ಅಜ್ಜಿ ಕೈ ಚಾಚಿದಳು. ನಾನು ಎತ್ತಿಕೊಟ್ಟೆ.

ತೊಂಬತ್ತೇಳು ವರ್ಷ ಒಂದು ಹನಿ ಮುಟ್ಟದಿದ್ದವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಗಟಗಟನೆ ಕುಡಿದಳು. ಆಮೇಲೆ ಕೆಮ್ಮಿದಳು. ಕಣ್ಣಲ್ಲಿ ನೀರು ಬಂತು. ಬಾಯಿಯನ್ನು ಕಂಬಳಿಯ ಅಂಚಿಗೆ ಒರೆಸಿ, ಮಂಜಿನಾಚೆ ನಿಂತ ಊರನ್ನು ಒಮ್ಮೆ ನೋಡಿ, ಅಪ್ಪನ ಕಲ್ಲಿನ ಕಡೆಗೆ ಬಾಗಿದಳು.

"ಥೂ! ಇದಕ್ಕಾ ಅಪ್ಪ?" ಎಂದಳು. "ಈ ಸೀಮೆಎಣ್ಣೆಗಾ ಇವ್ರು ನಿನ್ನನ್ನ ಇಷ್ಟು ವರ್ಷ ಕಳ್ಳ ಅಂದಿದ್ದು?"